ಕೆಂಪು ದಾರದ ಹೂಪೊಟ್ಟಣ

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಶೀತಲ್ ಪರೀಕ್ಷೆಯ ಕೆಲಸಕ್ಕೆಂದು ಮೂರು ದಿನ ಹುಮನಾಬಾದಿನಲ್ಲೇ, ಮಾಣಿಕನಗರದ ಗೆಳತಿಯ ಮನೆಯಲ್ಲಿ ಉಳಿದಿದ್ದಳು. ಬಸವಕಲ್ಯಾಣದಲ್ಲಿ ಬಸ್ಸಿಳಿದಾಗಲೇ ನೆನಪಾಯಿತು. ಬಾಡಿಗೆ ಕೋಣೆಯಲ್ಲಿ ಒಣಗಲು ಒತ್ತಿಟ್ಟ ರೆಂಬೆಗಳ ತೇವ ಹೀರುವ ಕಾಗದವನ್ನು ದಿನಾ ಬದಲಿಸಬೇಕಿತ್ತು; ಮೂರು ದಿನ ಬದಲಿಸಿರಲೇ ಇಲ್ಲ.

ಕರಾವಳಿಯ ನಿತ್ಯಹಸಿರು ಕಾಡಿನಿಂದ ತಂದ ರೆಂಬೆಗಳು, ಜಾಯಿಕಾಯಿಯ ಕಾಡುಬಳಗ. ಎಲೆ ನೋಡಿದರೆ ಎಲ್ಲವೂ ಅಕ್ಕತಂಗಿಯರಂತೆ. ಗಂಡುಹೂವನ್ನು ಬಿಡಿಸಿ ಪರಾಗಕೋಶ ಎಣಿಸಿದರೆ ಮಾತ್ರ ಇದು ಸಾಮಾನ್ಯದ್ದೋ, ಅವಳು ಆರು ವರ್ಷದಿಂದ ಹುಡುಕುತ್ತಿದ್ದ ಅಪರೂಪದ್ದೋ ತಿಳಿಯುವುದು. ಹೂವು ಬೂಷ್ಟು ಹಿಡಿದಿದ್ದರೆ ಅಷ್ಟೂ ಹುಡುಕಾಟ ನೀರುಪಾಲು.

ಮಹಡಿ ಹತ್ತಿ ಕಟ್ಟು ಬಿಚ್ಚಿದಳು. ರೆಂಬೆಗಳು ಗರಿಗರಿಯಾಗಿ ಒಣಗಿದ್ದವು. ಒಂದರಲ್ಲೂ ಹೂವಿರಲಿಲ್ಲ.

ಕೆಳಗಿಳಿದು ಬಂದಾಗ, ಅವಳು ಚಿಕ್ಕಮ್ಮನಂತೆ ಖಾಲಾ ಎಂದು ಕರೆಯುವ ಮನೆಯೊಡತಿ ಅಸ್ಗರಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು.

"ಖಾಲಾ, ನನ್ನ ಕಟ್ಟು ಯಾರ್ ಬಿಚ್ಚಿದ್ರಿ?"

"ನಾನೇ ಬೇಟಿ. ಹಸಿ ವಾಸನಿ ಬರಾಕತ್ತಿತ್ತು. ದಿನಾ ಪೇಪರ್ ಬದಲ್ ಮಾಡೀನಿ."

"ಹೂ ಎಲ್ಲಾ ಉದುರ್ಯಾವಲ್ರಿ! ಆರು ವರ್ಷ ಕಸದಾಗ ಹೋತು. ಕೇಳದ ಯಾಕ ಮುಟ್ಟಿದ್ರಿ?"

ಯಂತ್ರ ನಿಂತಿತು. ಅಸ್ಗರಿ ಗುಂಡಿಗಳ ಡಬ್ಬಿ ತೆರೆದಳು. ಒಳಗೆ ಪುಟ್ಟ ಪುಟ್ಟ ಕಾಗದದ ಪೊಟ್ಟಣಗಳು, ಒಂದೊಂದಕ್ಕೂ ಒಂದೊಂದು ಬಣ್ಣದ ದಾರ. ಹೊಲಿಗೆಗೆ ಬಂದ ಮದುವೆಯ ಕುಪ್ಪಸಗಳಿಂದ ಉದುರಿದ ಮಣಿಗಳನ್ನು ಅವಳು ಹೀಗೇ ಕಟ್ಟಿಡುತ್ತಿದ್ದಳು. ಪೊಟ್ಟಣಕ್ಕೆ ಕಟ್ಟಿದ ಬಣ್ಣದ ದಾರವನ್ನೇ ಆ ಕುಪ್ಪಸಕ್ಕೂ ಕಟ್ಟುವಳು. ಓದು ಬಾರದವಳಿಗೆ ಅದೇ ಗುರುತು. ಈ ಪೊಟ್ಟಣಗಳಲ್ಲಿದ್ದದ್ದು ರೆಂಬೆಗಳಿಂದ ಉದುರಿದ, ಅಕ್ಕಿಕಾಳಿನಷ್ಟು ಹೂಗಳು.

ಶೀತಲ್ ಮೇಲೆ ಓಡಿದಳು. ಪ್ರತಿ ರೆಂಬೆಯ ಬುಡದಲ್ಲೂ ಅದರ ಪೊಟ್ಟಣದ ಬಣ್ಣದ್ದೇ ದಾರದ ಗಂಟಿತ್ತು. ಗಾಬರಿಯಲ್ಲಿ ಕಂಡಿರಲಿಲ್ಲ.

"ಒಬ್ಬಾಕಿ ಮಣಿ ಇನ್ನೊಬ್ಬಾಕಿ ಕುಪ್ಪಸಕ್ಕ ಹೋದ್ರ ಮಂದಿ ನನ್ನ ಬಿಡ್ತಾರೇನು?" ಡಬ್ಬಿ ಹಿಡಿದು ಹಿಂದೆಯೇ ಬಂದ ಅಸ್ಗರಿ ಅಂದಳು. "ಕಾಲೇಜಿನಾಗ ಕಲಿಸಾಕಿ, ಕೇಳೂಕಿಂತ ಮೊದಲ ಬೈತಿ."

"ತಪ್ಪಾತ್ರಿ ಖಾಲಾ."

"ಆಗ್ಲಿ. ಮೊದಲ ನಿನ್ನ ಹೂ ನೋಡು."

ಕೆಂಪು ದಾರದ ಪೊಟ್ಟಣದ ಒಂದು ಹೂವನ್ನು ಮೆತ್ತಗಾಗಲೆಂದು ಬಿಸಿನೀರಿನಲ್ಲಿ ನೆನೆಸಿದರು. ಅಸ್ಗರಿ ಮಣಿಸೂಜಿಯಿಂದ ಎಸಳು ಸರಿಸಿ ಹಿಡಿದಳು. ಶೀತಲ್ ಮಸೂರದಲ್ಲಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು.

"ಅದೇ ಮರ ಖಾಲಾ! ನೀವು ಬಿರಿಯಾನಿಗೆ ಜಾಯಿಕಾಯಿ ಮ್ಯಾಲಿನ ಜಾವಿತ್ರಿ ಹಾಕ್ತೀರಲ್ರಿ, ಅದರ ಸಂಬಂಧಿ."

ಅಸ್ಗರಿ ಮೂಸಿ ನೋಡಿದಳು. "ವಾಸನೀನೇ ಇಲ್ಲ. ಬಡ ಸಂಬಂಧಿ ಇರಬೇಕು."

ಇಬ್ಬರೂ ನಕ್ಕರು. ಶೀತಲ್ ಕೆಂಪು ದಾರದ ರೆಂಬೆಯನ್ನು ದಪ್ಪ ಹಾಳೆಯ ಮೇಲಿಟ್ಟು, ಪಕ್ಕದಲ್ಲಿ ಹೂಪೊಟ್ಟಣ ಅಂಟಿಸಿ, ಕೆಳಗೆ ಮರದ ಹೆಸರು ಬರೆದಳು.

"ಆ ದಾರ ಬಿಚ್ಚವಾ, ಚಂದ ಕಾಣೂದಿಲ್ಲ."

"ಇರ್ಲಿ ಬಿಡ್ರಿ," ಅಂದಳು ಶೀತಲ್. "ನೋಡಿದವ್ರು ಕೇಳ್ಲಿ, ಯಾರ್ ಕಟ್ಟಿದ್ದು ಅಂತ."