ಉಜ್ಜಿದ ಕೈ

ಖಾಂಗ್‌ಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಹನೋಯಿಯ ಕಲಾಶಾಲೆಗೆ ಅವನೂ ಥಿಯೆಪ್ಪನೂ ಒಂದೇ ವರ್ಷ ಸೇರಿದವರು, ಒಂದೇ ಕೋಣೆಯಲ್ಲಿ ಚಾಪೆ ಹಾಸಿದವರು. ಖಾಂಗ್ ಇಡೀ ದಿನ ಕೂತು ಬರೆದ ಎಮ್ಮೆ ಥೇಟ್ ಎಮ್ಮೆಯ ಹಾಗೇ ಇರುತ್ತಿತ್ತು. ಥಿಯೆಪ್ ಹರಟೆ ಹೊಡೆಯುತ್ತ ಗೀಚಿದ ಎಮ್ಮೆ ಬಾಲ ಬೀಸುತ್ತಿತ್ತು. ಇದನ್ನು ನಾಲ್ಕು ವರ್ಷ ನೋಡಿಕೊಂಡು ನಗುನಗುತ್ತ ಇರುವುದು ದೇವರಿಗೂ ಕಷ್ಟ, ಖಾಂಗ್ ಬರೀ ಮನುಷ್ಯ.

ಆ ವರ್ಷ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಶಾಲೆಯಿಂದ ಒಂದೇ ಒಂದು ಚಿತ್ರ ಹೋಗುವುದಿತ್ತು. ಎಣ್ಣೆಬಣ್ಣದ್ದು ಬೇಡ, ಅದು ನಮ್ಮ ಕಡೆ ರಾಶಿ ಬಿದ್ದಿದೆ, ನಿಮ್ಮ ಸೋನ್ ಕೊಡಿ ಎಂದಿದ್ದರು ಶಾಲೆಯ ಫ್ರೆಂಚ್ ಮೇಷ್ಟ್ರು ದೆಲ್ಮಾ. ಸೋನ್ ಎಂದರೆ ಗುಡ್ಡದ ಮರದಿಂದ ಇಳಿಸುವ ಅಂಟುರಸ. ಅಜ್ಜಂದಿರು ಅದನ್ನು ದೇವರ ಪೀಠಕ್ಕೆ ಬಳಿದರು. ಮೊಮ್ಮಕ್ಕಳು ಅದರಲ್ಲಿ ಚಿತ್ರ ಬರೆಯಲು ಫ್ರೆಂಚರ ಶಾಲೆಗೆ ಬಂದಿದ್ದರು. ಹಲಗೆಯ ಮೇಲೆ ಪದರದ ಮೇಲೆ ಪದರ ಬಳಿಯಬೇಕು, ನಡುನಡುವೆ ಬೆಳ್ಳಿ ರೇಕು, ಚಿನ್ನದ ರೇಕು ಅಂಟಿಸಬೇಕು, ಕೊನೆಗೆ ನೀರು ಚಿಮುಕಿಸಿ ಇದ್ದಿಲಿನಿಂದ ಉಜ್ಜಬೇಕು. ಉಜ್ಜಿದ ಹಾಗೆ ಒಳಗಿನ ಚಿತ್ರ ಮೇಲೆ ಬರುತ್ತದೆ. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ತಿಂಗಳುಗಟ್ಟಲೆ ಮಾಡಿದ್ದೆಲ್ಲ ನೀರುಪಾಲು.

ಕೊನೆಯ ಉಜ್ಜು ಬಾಕಿ ಇರುವಾಗಲೇ ಥಿಯೆಪ್ಪನಿಗೆ ಸೋನ್ ತಗಲಿತು. ಅದು ಕೆಲವರ ಮೈಗೆ ಆಗುವುದಿಲ್ಲ, ತುರಿಕೆ ಎದ್ದು ಮುಖ ಊದಿಕೊಳ್ಳುತ್ತದೆ. ಕಮರಾಕ್ಷಿ ಎಲೆ ಕುದಿಸಿದ ನೀರಲ್ಲಿ ಬಟ್ಟೆ ಅದ್ದಿ ಕಣ್ಣಿನ ಮೇಲೆ ಹಾಕಿಕೊಂಡು ಮಲಗಿದ್ದ.

"ಏನೋ ಇದು ನಿನ್ನ ಅವತಾರ! ಚಿತ್ರದ ಬದ್ಲು ನಿನ್ನೇ ಪ್ಯಾರಿಸ್ಸಿಗೆ ಕಳಿಸ್ಬಹುದು," ಎಂದ ಖಾಂಗ್.

"ನಗಿಸ್ಬೇಡಣ್ಣಾ, ತುಟಿ ಒಡೆಯತ್ತೆ. ಕೊನೆ ಉಜ್ಜು ನೀನೇ ಹಾಕ್ಬಿಡು. ನಾಳೆ ಮೇಷ್ಟ್ರು ನೋಡೋಕೆ ಬರ್ತಾರೆ, ನಂಗೆ ಕಣ್ಣೇ ಬಿಡಕ್ಕಾಗ್ತಿಲ್ಲ."

"ನನ್ದೇ ಇನ್ನೂ ಮುಗಿದಿಲ್ಲ ಕಣೋ."

"ಬಿಡು, ಬಿಡು. ನಿಂದು ಮುಗಿದು ಗೋಡೆಗೆ ಒರಗಿ ಕೂತಿರೋದು ನಾನೇ ನೋಡಿದ್ದೀನಿ. ಬೇರೆಯವರ ಕೈಗೆ ಕೊಡಕ್ಕೆ ಮನಸ್ಸು ಬರಲ್ಲ ನಂಗೆ. ಅಮ್ಮನ ಹತ್ರ ಮಾತ್ರ ಹಗೂರಕ್ಕೆ ಉಜ್ಜು. ಇಲ್ದಿದ್ರೆ ಎದ್ದುಬಂದು ಕಿವಿ ಹಿಂಡ್ತಾಳೆ ನಿಂಗೆ."

ಥಿಯೆಪ್ಪನ ಅಮ್ಮ ಸಂತೆಯಲ್ಲಿ ಅಂಟಕ್ಕಿ ಅನ್ನ ಮಾರುತ್ತಿದ್ದವಳು. ಬದುಕಿದ್ದಷ್ಟು ಕಾಲ ಬಾಳೆಲೆಯಲ್ಲಿ ಕಟ್ಟಿ ಇಬ್ಬರಿಗೂ ಕಳಿಸುತ್ತಿದ್ದಳು, ಖಾಂಗ್‌ನ ಪಾಲೇ ಒಂದು ಹಿಡಿ ಹೆಚ್ಚು. ಹಲಗೆಯ ಮೇಲೆ ಅವಳಿದ್ದಳು. ಹೊಳೆಗೆ ಅಡ್ಡಲಾಗಿ ಬಿದಿರಿನ ಸಂಕ, ಸಂಕದ ನಡುವೆ ತಲೆಗೆ ಎಲೆಟೋಪಿ ಇಟ್ಟು ಹೆಗಲ ಮೇಲೆ ಅಡ್ಡೆ ಹೊತ್ತ ಚಿನ್ನದ ಹೆಂಗಸು.

ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಖಾಂಗ್ ಹಲಗೆ ಎಳೆದುಕೊಂಡು ಕೂತ. ಮೊದಮೊದಲು ನಿಯತ್ತಾಗಿಯೇ ಉಜ್ಜಿದ. ಕಂದು ಪದರ ತೆಳುವಾಗಿ ಬೆಳ್ಳಿಯ ನೀರು ಮಿನುಗಿತು, ಸಂಕ ಎದ್ದಿತು, ಆಮೇಲೆ ಅವಳು ಬಂದಳು. ಅಡ್ಡೆಯ ಭಾರಕ್ಕೆ ಸೊಂಟ ಒಂದಿಷ್ಟು ವಾಲಿತ್ತು. ಅವಳು ನಡೆಯುತ್ತಿದ್ದದ್ದೇ ಹಾಗೆ. ಗೋಡೆಗೆ ಒರಗಿದ ತನ್ನ ಚಿತ್ರದತ್ತ ಖಾಂಗ್ ಒಮ್ಮೆ ನೋಡಿದ. ಚೊಕ್ಕವಾಗಿ ಬರೆದ ಪಗೋಡ, ಕೆರೆ, ತಾವರೆ. ಎಲ್ಲ ಇತ್ತು, ಏನೂ ಇರಲಿಲ್ಲ.

ಈ ಕೈಗುಣ ಥಿಯೆಪ್ಪನಿಗೇ ಯಾಕೆ? ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಏಳದವನಿಗೆ, ಕುಂಚ ತೊಳೆಯದವನಿಗೆ ಯಾಕೆ? ಖಾಂಗ್ ಇದ್ದಿಲನ್ನು ಅವಳ ಮೇಲೆ ಊರಿ ಉಜ್ಜಿದ. ಉಂಡ ಮನೆಯ ಜಂತೆ ಎಣಿಸುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಇವನು ಅನ್ನ ಇಕ್ಕಿದವಳನ್ನೇ ಅಳಿಸಿದ. ಟೋಪಿ ಹೋಯಿತು, ಅಡ್ಡೆ ಹೋಯಿತು, ವಾಲಿದ ಸೊಂಟ ಹೋಯಿತು. ಸಂಕ ಬರಿದಾಯಿತು. ನೀರು ಹಾಕಿ ಒರೆಸಿದಾಗ ಅವಳು ನಿಂತಿದ್ದ ಜಾಗದಲ್ಲಿ ಅಡಿಪದರದ ಕೆಂಪೂ ಬೆಳ್ಳಿಯೂ ಕಲೆತು ಏನೋ ಬೆಳಗುತ್ತಿತ್ತು. ಅದನ್ನು ನೋಡುವ ಧೈರ್ಯವಾಗದೆ ಎದ್ದು ಕೈ ತೊಳೆದುಕೊಂಡ.

ಮರುದಿನ ಥಿಯೆಪ್ ಗೋಡೆ ಹಿಡಿದುಕೊಂಡು ಬಂದ. ಒಂದು ಕಣ್ಣು ಅರ್ಧ ತೆರೆದಿತ್ತು. ಆ ಅರ್ಧ ಕಣ್ಣಿನಲ್ಲೇ ಹಲಗೆಯನ್ನು ಬಹಳ ಹೊತ್ತು ನೋಡಿದ.

"ಕೈ ಜಾರ್ತು ಕಣೋ," ಎಂದ ಖಾಂಗ್.

"ನಾಲ್ಕು ವರ್ಷದಿಂದ ನೋಡ್ತಿದ್ದೀನಿ ಅಣ್ಣಾ. ನಿನ್ನ ಕೈ ಜಾರೋ ಕೈಯಲ್ಲ."

ಅಷ್ಟರಲ್ಲಿ ದೆಲ್ಮಾ ಮೇಷ್ಟ್ರು ಒಳಗೆ ಬಂದರು, ಹಿಂದೆ ಇಡೀ ತರಗತಿ. ಖಾಂಗ್‌ನ ಪಗೋಡದ ಮುಂದೆ "ಅಚ್ಚುಕಟ್ಟು" ಎಂದು ಮುಂದಕ್ಕೆ ನಡೆದರು. ಬರಿದಾದ ಸಂಕದ ಮುಂದೆ ನಿಂತವರು ಅಲ್ಲಿಂದ ಕದಲಲಿಲ್ಲ. ಕನ್ನಡಕ ತೆಗೆದರು, ಹಾಕಿಕೊಂಡರು.

"ಯಾರೋ ಈಗಷ್ಟೇ ದಾಟಿ ಹೋದ ಹಾಗಿದೆಯಲ್ಲ! ಇದೇ. ಇದೇ ಹೋಗಲಿ. ಥಿಯೆಪ್, ಸಹಿ ಹಾಕು."

ಥಿಯೆಪ್ ಕುಂಚ ಮುಟ್ಟಲಿಲ್ಲ. "ಇದು ನನ್ನ ಚಿತ್ರ ಅಲ್ಲ ಮೇಷ್ಟ್ರೇ. ನಾನು ಬರೆದದ್ದನ್ನ ಖಾಂಗ್ ಅಣ್ಣ ಉಜ್ಜಿ ತೆಗ್ದಿದ್ದಾನೆ. ಅವನ ಹೆಸ್ರೇ ಹಾಕಿ."

ಮೇಷ್ಟ್ರ ಕಣ್ಣು ತುಂಬಿತು. ಇಂಥ ಸ್ನೇಹ ನಮ್ಮ ದೇಶದಲ್ಲಿ ಎಲ್ಲಿದೆ ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಕುಂಚವನ್ನು ಖಾಂಗ್‌ನ ಕೈಗೆ ಕೊಟ್ಟರು. ನಾಲ್ಕು ವರ್ಷ ಕನಸಿನಲ್ಲಿ ಹಿಡಿದ ಕುಂಚ.

"ಒಂದು ಹೇಳಪ್ಪ," ಎಂದರು ಮೇಷ್ಟ್ರು. "ಸರಿಯಾಗಿ ಇಲ್ಲೇ ಉಜ್ಜುವುದನ್ನು ನಿಲ್ಲಿಸಬೇಕು ಅಂತ ನಿನಗೆ ಹೇಗೆ ತಿಳಿಯಿತು?"

ಸುಳ್ಳು ಹೇಳಬಹುದಿತ್ತು. ಆದರೆ ಥಿಯೆಪ್ಪನ ಅರ್ಧ ಕಣ್ಣು ಅವನ ಮೇಲೇ ನೆಟ್ಟಿತ್ತು.

"ನಾನು ನಿಲ್ಲಿಸ್ಲಿಲ್ಲ ಮೇಷ್ಟ್ರೇ," ಎಂದ ಖಾಂಗ್. "ಅಳಿಸೋಕೆ ಇನ್ನೇನೂ ಉಳಿದಿರ್ಲಿಲ್ಲ."

ಮೇಷ್ಟ್ರು ತರಗತಿಯತ್ತ ತಿರುಗಿ, "ಕೇಳಿದಿರಾ? ಪೂರ್ವದೇಶದ ಜ್ಞಾನ ಅಂದರೆ ಇದು! ಬರೆದುಕೊಳ್ಳಿ ಎಲ್ಲರೂ," ಎಂದರು. ಹುಡುಗರು ಚಪ್ಪಾಳೆ ತಟ್ಟಿದರು. ಖಾಂಗ್ ಹಲಗೆಯ ಮೂಲೆಯಲ್ಲಿ ತನ್ನ ಹೆಸರು ಬರೆದ.

ಅವತ್ತು ಸಂಜೆ ಥಿಯೆಪ್ ಚಾಪೆ ಸುತ್ತಿಕೊಂಡು ಬೇರೆ ಕೋಣೆಗೆ ಹೋದ.