ಹುಬ್ಬಿನ ಸದ್ದು

ಅಮೃತ ಗುಂಡಿ ಒತ್ತಿದಾಗಲೆಲ್ಲ ಯಶೋದಮ್ಮನ ತೋರುಬೆರಳು ತಪ್ಪದೆ ಮೇಲೇಳುತ್ತಿತ್ತು. ಕಿವಿಗೆ ಹೆಡ್‌ಫೋನು ಏರಿಸಿಕೊಂಡು, ಐವತ್ತೆಂಟರ ಆ ಹೆಂಗಸು ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ನೆಟ್ಟಗೆ ಕೂತಿದ್ದಳು. ಹಲಗೂರಿನ ಶಾಲೆಯೊಂದರ ಕೋಣೆಯಲ್ಲಿ ಅಂದು ಕಿವಿ ತಪಾಸಣೆಯ ಕ್ಯಾಂಪು. ತಪಾಸಣೆ ಮಾಡುತ್ತಿದ್ದ ಅಮೃತ ಮಾತು ಮತ್ತು ಶ್ರವಣದ ಎಂ.ಎಸ್ಸಿ. ಓದುತ್ತಿದ್ದಳು, ಎರಡನೇ ವರ್ಷ. ಅತಿ ಸಣ್ಣ ಸದ್ದಿಗೂ ಬೆರಳೆದ್ದಾಗ ಅವಳಿಗೇ ಖುಷಿಯಾಯಿತು.

ಯಶೋದಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಕೂಸು ಅತ್ತರೂ ತಿರುಗಿ ನೋಡುವುದಿಲ್ಲವೆಂದು ಯಾರೋ ದೂರು ಹೇಳಿ, ಕಿವಿ ಸರಿಯಿದೆಯೆಂಬ ಚೀಟಿ ತಂದರೇ ಕೆಲಸ ಎಂದು ಮೇಲಿನವರು ಅವಳನ್ನು ಕಳಿಸಿದ್ದರು. ಅಮೃತ ಚೀಟಿ ಬರೆದುಕೊಟ್ಟಳು. ಯಶೋದಮ್ಮ ಕೈಮುಗಿದು, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ಮುಂದೆ ಬಂದು ಕೂತವನು ಟ್ರ್ಯಾಕ್ಟರ್ ಓಡಿಸುವ ಶಿವರಾಜು. ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು, "ಏನೂ ಕೇಳುಸ್ತಿಲ್ವಲ್ಲ ಕಣಮ್ಮ, ಮಿಷಿನ್ನು ಆನಾಗದಾ?" ಎಂದ.

ಅಮೃತ ಹೆಡ್‌ಫೋನನ್ನು ತನ್ನ ಕಿವಿಗಿಟ್ಟುಕೊಂಡಳು. ಪಿಟ್ಟೆನ್ನುವ ಸದ್ದೂ ಇಲ್ಲ. ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಆಗ ಎಲ್ಲ ಹೊಳೆಯಿತು. ಬಿಸಿಲು ಬೀಳುತ್ತದೆಂದು ಯಶೋದಮ್ಮನನ್ನು ಕರೆಯುವ ಮೊದಲು ಮೆಷಿನ್ನಿದ್ದ ಮೇಜನ್ನು ಪಕ್ಕಕ್ಕೆ ಎಳೆದಿದ್ದಳು. ಹಿಂದಿನ ಹೆಡ್‌ಫೋನಿನ ವೈರು ಆಗಲೇ ಕಳಚಿಕೊಂಡಿತ್ತು.

ಮೆಷಿನ್ನು ಅಲುಗಿದರೆ ಮೊದಲು ನಿನ್ನ ಕಿವಿಯಲ್ಲಿ ಕೇಳಿ ನೋಡು, ಆಮೇಲೆ ಊರವರ ಕಿವಿ ಎನ್ನುವುದು ಕ್ಯಾಂಪಿಗೆ ಕರೆತಂದಿದ್ದ ಅಧ್ಯಾಪಕಿ ವನಜಾ ಮೇಡಂ ಮೊದಲ ದಿನವೇ ಕಲಿಸಿದ್ದ ಪಾಠ. ಅದನ್ನು ಮರೆತವರ ಆ ದಿನದ ಹಾಜರಿಯನ್ನೇ ಹೊಡೆದುಹಾಕುತ್ತಿದ್ದರು. ಕೊನೆಯ ಪರೀಕ್ಷೆಗೆ ಕೂರಲು ಅಮೃತಳಿಗೆ ಬೇಕಿದ್ದದ್ದು ಇದೊಂದು ದಿನದ ಹಾಜರಿ ಮಾತ್ರ. ಇದು ಹೋದರೆ ಇನ್ನಾರು ತಿಂಗಳು ಕಾಯಬೇಕು. ವೈರು ಸಿಕ್ಕಿಸಿ ಸುಮ್ಮನಾದರೆ ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಸಿಕ್ಕಿಸಿದಳು, ಶಿವರಾಜುವಿನ ತಪಾಸಣೆಯನ್ನೂ ಮುಗಿಸಿದಳು. ಆದರೆ ಸದ್ದೇ ಇಲ್ಲದ ಮೆಷಿನ್ನಿಗೆ ಅಷ್ಟು ಚೆನ್ನಾಗಿ ಬೆರಳೆತ್ತಿದ ಹೆಂಗಸು ನಾಳೆ ಮತ್ತೆ ಕೂಸುಗಳ ಪಕ್ಕ ಹೋಗಿ ಕೂರುತ್ತಾಳಲ್ಲ ಎನ್ನುವುದು ಬಿಡಲಿಲ್ಲ. ಎದ್ದು ಮೇಡಂ ಇದ್ದ ಕೋಣೆಗೆ ಹೋಗಿ ಆದದ್ದನ್ನೆಲ್ಲ ಹೇಳಿದಳು.

ಮೇಡಂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಹಾಜರಿ ಪುಸ್ತಕ ತೆಗೆದು ಆ ದಿನದ ಮೇಲೆ ಗೆರೆ ಎಳೆದರು. "ಆಕೆ ಬಸ್ ಹತ್ತೋದ್ರೊಳಗೆ ಕರ್ಕೊಂಡು ಬಾ" ಎಂದರು.

ಬಸ್‌ಸ್ಟಾಪಿನಲ್ಲಿ ಯಶೋದಮ್ಮ ಬೆನ್ನು ಹಾಕಿ ನಿಂತಿದ್ದಳು. ಹಿಂದಿನಿಂದ ಮೂರು ಸಲ ಕೂಗಿದರೂ ತಿರುಗಲಿಲ್ಲ. ಅಮೃತ ಎದುರಿಗೆ ಹೋಗಿ ನಿಂತಾಗ, ಅವಳ ಮುಖ ನೋಡಿಯೇ ಎಲ್ಲ ಅರ್ಥವಾದವಳಂತೆ ಜೊತೆಗೆ ಬಂದಳು.

ಈ ಸಲ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿದ್ದಾಯಿತು. ಅಮೃತ ಮೊದಲು ತಾನು ಕೇಳಿ ನೋಡಿದಳು, ಆಮೇಲೆ ಗುಂಡಿ ಒತ್ತಿದಳು. ಬೆರಳು ಏಳಲಿಲ್ಲ. ಸದ್ದು ಏರಿಸಿದಳು, ಇನ್ನೂ ಏರಿಸಿದಳು. ಹೆಡ್‌ಫೋನಿನಿಂದ ಸೋರಿ ಹೊರಗಿದ್ದ ಅಮೃತಳಿಗೇ ಕೇಳಿಸುವಷ್ಟಾದ ಮೇಲೆ ತೊಡೆಯ ಮೇಲಿನ ಬೆರಳು ಅನುಮಾನಿಸುತ್ತ ಎದ್ದಿತು.

"ಗುಂಡಿ ಅದುಮ್ದಾಗೆಲ್ಲ ಉಬ್ಬು ಏರುಸ್ತೀಯ ಕಣವ್ವ. ಅದ ನೋಡ್ಕಂಡೇ ಬೆಳ್ಳೆತ್ತಿದ್ದು" ಎಂದಳು ಯಶೋದಮ್ಮ, ಗೋಡೆಗೆ ಹೇಳುವಂತೆ. "ನಮ್ಮತ್ತೆಗೂ ಇಂಗೇ ಆಗಿತ್ತು. ಸಾಯೋಗಂಟ ಕಿವುಡಿ ಅಂತ್ಲೇ ಕರುದ್ರು. ಕೆಲ್ಸ ಓದ್ರೆ ಓಗ್ಲಿ ಬುಡು, ನನ್ನೆಸ್ರೇ ಓಯ್ತದಲ್ಲ."

ಕಿವಿಗೆ ಮೆಷಿನ್ನು ಹಾಕಿಕೊಂಡರೆ ಕೆಲಸ ಮಾಡಬಹುದು, ಬೇಕಾದರೆ ಅಂಗನವಾಡಿಗೆ ತಾನೇ ಬಂದು ಹೇಳುತ್ತೇನೆ ಎನ್ನಲು ಅಮೃತ ಬಾಯಿ ತೆರೆದಳು. ಬೆನ್ನಿಗೆ ಹೇಳಿ ಏನು ಪ್ರಯೋಜನ? ಎದ್ದು ಹೋಗಿ, ಗೋಡೆಗೂ ಅವಳ ಮೊಣಕಾಲಿಗೂ ನಡುವೆ ಇದ್ದ ಇಷ್ಟೇ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಹೆಡ್‌ಫೋನು ತೆಗೆದಳು. ಯಶೋದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ತನ್ನ ತುಟಿಯ ಮೇಲೆ ದೃಷ್ಟಿ ನಿಲ್ಲಿಸುವ ತನಕ ಕಾದಳು.

"ಯಶೋದಮ್ಮ" ಎಂದು ನಿಧಾನವಾಗಿ ಶುರುಮಾಡಿದಳು.