ನೂರನೆಯ ದಿನದ ಅನ್ನ

ಲಾವು ಪರ್ವತದ ನೀಲಚ್ಛಾಯೆಯಲ್ಲಿ ಮಲಗಿದ್ದ ಗದ್ದೆಗಳ ಮೇಲೆ ವರ್ಷಾಕಾಲದ ಮೊದಲ ಮೇಘಮಾಲೆ ಇಳಿದು, ಬಿದಿರ ಮೆಳೆಗಳಲ್ಲಿ ಗಾಳಿ ನಿಟ್ಟುಸಿರಿಟ್ಟು, ಸೋಲೋ ನದಿಯ ಮಂದಪ್ರವಾಹದಲ್ಲಿ ಸಂಧ್ಯಾರಾಗ ಕರಗಿ ಕರಗಿ ಮಾಸುತ್ತಿದ್ದ ದಿನಗಳವು... ಸಹೃದಯ ವಾಚಕರೇ, ಆ ದಿನಗಳಲ್ಲಿ ನಮ್ಮ ಕಂಚುಗಾರರ ಕೇರಿಯ ಒಬ್ಬ ಮನುಷ್ಯ, ಎಲ್ಲರ ಕಣ್ಣೆದುರಿಗೇ ಒಂಟಿಯಾಗಿ ಮುಳುಗುತ್ತಿದ್ದ. ನಮಗೆ ಅದು ತಿಳಿಯಲಿಲ್ಲ.

ಅವನು ರೆಸೊ, ದೇವಸ್ವರದ ಜಾಗಟೆಗಳನ್ನು ಬಡಿದು ರೂಪಿಸಿದವನು. ನಲವತ್ತು ವರ್ಷದ ಸುತ್ತಿಗೆಯ ಏಟು ಅವನ ಕಿವಿಗಳನ್ನು ತಿಂದಿತ್ತು. ಆದರೂ ಹೆಂಡತಿ ಲಾಸಿಯೆಮ್‌ಳ ಅಧರಚಲನೆಯಲ್ಲೇ ಅವನು ಲೋಕವನ್ನೆಲ್ಲ ಓದಿಕೊಳ್ಳುತ್ತಿದ್ದ. ಅವಳು ಬೈದರೂ ಹಬ್ಬದ ಸುದ್ದಿ ಕೇಳಿದವನಂತೆ ನಗುತ್ತಿದ್ದ. ಆಮೇಲೆ ಕಣ್ಣುಗಳೂ ಮಂಜಾಗಿ, ಕತ್ತಲಾಗಿ, ಆ ತುಟಿಗಳೂ ಅಳಿಸಿಹೋದವು! ಉಳಿದದ್ದು ಅವಳ ಕೈಯ ಸ್ಪರ್ಶವೊಂದೇ.

ಒಂದು ದಿನ ಆ ಕೈ ಜ್ವರದಿಂದ ಕೆಂಡವಾಯಿತು. ನೆರೆಯವರು ಅವಳನ್ನು ಪಟ್ಟಣದ ಆಸ್ಪತ್ರೆಗೆ ಹೊತ್ತೊಯ್ದರು. ರೆಸೊನಿಗೆ ಅದನ್ನು ಹೇಳುವ ದಾರಿ ಯಾರಿಗೂ ಗೊತ್ತಿರಲಿಲ್ಲ.

ಎರಡು ವಾರದ ಮೇಲೆ ಅವಳು ಹಿಂತಿರುಗಿದಾಗ ಅವನು ಜಗಲಿಯಲ್ಲಿ ಕಲ್ಲಿನಂತೆ ಕುಳಿತಿದ್ದ, ಮಾತು ಬಿಟ್ಟಿದ್ದ. ಅದು ಸುರೊ ಮಾಸ. ಆ ತಿಂಗಳು ಕಂಚುಗಾರರು ಮೌನವ್ರತ ಹಿಡಿಯುವುದು, ವ್ರತಸ್ಥನನ್ನು ಹೆಂಡತಿಯೂ ಮುಟ್ಟದಿರುವುದು ಅಜ್ಜನ ಕಾಲದ ರೂಢಿ. ನೀಡಿದ ಕೈಯನ್ನು ಲಾಸಿಯೆಮ್ ಹಿಂದೆಗೆದುಕೊಂಡಳು. ವ್ರತಭಂಗವಾಗದೆ ಅವನೇ ಹಿಡಿದು ಹೋಗಿಬರಲೆಂದು ಜಗಲಿಯಿಂದ ಬಾವಿಯವರೆಗೆ ಹಗ್ಗ ಕಟ್ಟಿದಳು. ಬಾಳೆಲೆಯ ಅನ್ನವನ್ನು ಮೊಣಕಾಲ ಬಳಿಯಿಟ್ಟು ಸರಿದು ನಿಂತಳು.

ಸುರೊ ಕಳೆಯಿತು, ಮೌನ ಮುರಿಯಲಿಲ್ಲ. ಮಹಾತಪಸ್ಸು ಎಂದರು ಊರವರು; ದೂರದಿಂದ ಹೂವಿಟ್ಟು ಹೋದರು. ಅವನು ದಿನದಿನಕ್ಕೆ ಒಣಗಿದ. ಆ ಬೆರಳುಗಳನ್ನು ಒಮ್ಮೆ ಹಿಡಿಯಬೇಕೆಂಬ ಆಸೆಯಲ್ಲಿ ಅವಳೆಷ್ಟು ಸಂಜೆಗಳನ್ನು ಕಂಬಕ್ಕೊರಗಿ ಕಳೆದಳೋ!

ಮಳೆಗಾಲದ ಕೊನೆಗೆ, ಮನೆಮನೆ ತಿರುಗುವ ನರ್ಸ್ ಸುಂದಾರಿ ಬಂದು ಅವನ ನಾಡಿ ಹಿಡಿದು ನೋಡಿದಳು.

"ಅಜ್ಜೀ, ಇದು ವ್ರತ ಅಲ್ಲ. ಕಣ್ಣು ಕಿವಿ ಎರಡೂ ಹೋದೋರು ಹಿಂಗೇ ಒಳಗೊಳಗೇ ಸೊರಗ್ತಾರೆ. ಬೇರೆಯೋರಿಗಿಂತ ಬೇಗ ಹೋಗ್ಬಿಡೋದೂ ಉಂಟು. ನೀವು ಇವರನ್ನ ಕಡೇ ಸಲ ಮುಟ್ಟಿದ್ದು ಯಾವಾಗ?"

ಲಾಸಿಯೆಮ್ ಗಂಡನ ಪಕ್ಕ ಕುಳಿತಳು. ಅವನ ಹೆಬ್ಬೆರಳನ್ನು ತನ್ನ ಅಂಗೈಗೆ ಒತ್ತಿಕೊಂಡಳು. ಮದುವೆಯಾದ ವರ್ಷ ಕುಲುಮೆಯ ಕಿಡಿ ಬಿದ್ದ ಸುಟ್ಟಗಾಯದ ಕಲೆ ಅಲ್ಲಿತ್ತು. ಬೆರಳು ಅದರ ಮೇಲೆ ಒಮ್ಮೆ ಹರಿದು, ನಿಂತು, ಮತ್ತೆ ಹರಿಯಿತು.

"ಯೆಮ್... ನೀನು ಸತ್ತಿಲ್ವೇನೇ?" ಎಂದ ರೆಸೊ. "ನಾನು ನಿನ್ನ ನೂರನೇ ದಿನದ ತಿಥಿ ಅನ್ನಾನೂ ಮನಸ್ನಲ್ಲೇ ಬಡಿಸ್ಬಿಟ್ನಲ್ಲೇ."

ಇಷ್ಟು ದಿನ ಅವನು ತಪಸ್ವಿಯಲ್ಲ, ವಿಧುರನಾಗಿದ್ದ! ಸುಳ್ಳು ಮರಣಕ್ಕೆ ನಿಜವಾದ ಸೂತಕ ಹಿಡಿದು, ಮಾತನ್ನೂ ಹಸಿವನ್ನೂ ಅದರ ಚಿತೆಗೆ ಹಾಕಿದ್ದ.

ಆ ಮೇಲೆ ಒಂಬತ್ತು ದಿನ ಅವಳು ಅವನ ಕೈ ಬಿಡಲಿಲ್ಲ. ಸುಂದಾರಿ ತಂದ ಔಷಧವಾಗಲಿ, ಗಂಜಿಯಾಗಲಿ ದೇಹಕ್ಕೆ ಹತ್ತಲಿಲ್ಲ. ಒಮ್ಮೆ ಮಾತ್ರ ಅವನು ನಕ್ಕ. "ಅನ್ನಕ್ಕೆ ದಿನಾ ಉಪ್ಪು ಕಮ್ಮಿ ಇರ್ತಿತ್ತು. ನೀನೇ ಅಂತ ಆಗ್ಲೇ ಗೊತ್ತಾಗ್ಬೇಕಿತ್ತು ನಂಗೆ." ಹತ್ತನೆಯ ಮುಂಜಾವಿಗೆ ಅವಳ ಹಿಡಿತದಲ್ಲಿ ಆ ಕೈ ತಣ್ಣಗಾಯಿತು. ಬಿಡಿಸಲು ಇಬ್ಬರು ಬೇಕಾದರು.

ಈಚೆಗೆ ಅವನ ನೂರನೆಯ ದಿನವಾಯಿತು. ಕೇರಿಯೆಲ್ಲ ಉಂಡಿತು. ಅನ್ನಕ್ಕೆ ಉಪ್ಪು ಕಡಿಮೆಯಿತ್ತು, ಯಾರೂ ಹೇಳಲಿಲ್ಲ. ಬಾವಿಯ ಹಗ್ಗವನ್ನು ಅವಳು ಇನ್ನೂ ಬಿಚ್ಚಿಲ್ಲ... ವಾಚಕರೇ, ಮಾನವಹೃದಯ ಪ್ರೀತಿಗಿಂತ ಸುಲಭವಾಗಿ ಭಕ್ತಿಯನ್ನು ಕಲಿತುಬಿಡುತ್ತದೆ. ನಾವೆಲ್ಲ ಅವನಿಗೆ ಕೈಜೋಡಿಸಿ ನಿಂತಿದ್ದೆವು. ಜೋಡಿಸಿದ ಕೈಗಳಿಂದ ಯಾರನ್ನೂ ಹಿಡಿದುಕೊಳ್ಳಲಾಗುವುದಿಲ್ಲ.